ಕಿಸೆಗೊಂದು ಚೂರಿ

ಒಬ್ಬರು ಕಾರ್ಕಳದ ಬೈಲೂರು ಕಡೆಯ ಅಡಿಕೆ ಕೃಷಿಕರು. ಇನ್ನೊಬ್ಬಳು ಅವರ ತಂಗಿಯ ಮಗಳು. ಮನೆ ಕಾಪುವಿನಲ್ಲಿ, ಕಾನೂನು ಓದುತ್ತಿರುವುದು ಉಡುಪಿಯಲ್ಲಿ, ಗೆಳತಿಯೊಂದಿಗೆ ಬಾಡಿಗೆ ರೂಮು ಮಾಡಿಕೊಂಡಿರುವುದು ಮಣಿಪಾಲದಲ್ಲಿ. ಹೆಸರು ಬೇಡ, ಮಾತು ಸಾಕು.

— ನಿನಗೊಂದು ಚೂರಿ ತೆಗೆದುಕೊಡುವ ಅಂತ ಉಂಟು ಮಗಾ. ಮಡಚುವಂಥದ್ದು. ಬ್ಯಾಗಿನಲ್ಲಿ ಇಟ್ಟುಕೋ.

— ಎಂತದಕ್ಕೆ ಮಾಮ?

— ಎಂತದಕ್ಕೆ ಅಂದರೆ? ರಾತ್ರಿ ಹತ್ತಕ್ಕೆ ಲೈಬ್ರರಿಯಿಂದ ನಡೆದುಕೊಂಡು ಬರುತ್ತಿ. ನಿನ್ನ ಅಮ್ಮ ದಿನಾ ಫೋನ್ ಮಾಡಿ ನನ್ನ ತಲೆ ತಿನ್ನುತ್ತಾಳೆ. ಒಂದು ಧೈರ್ಯಕ್ಕೆ.

— ಹಣ್ಣು ಕೊಯ್ಯಲಿಕ್ಕೆ ಅಂದಿದ್ದರೆ ಈಗಲೇ ಕೈ ಒಡ್ಡುತ್ತಿದ್ದೆ. ಧೈರ್ಯಕ್ಕೆ ಅಂದರೆ ಬೇಡ.

— ಎರಡಕ್ಕೂ ಆಗುತ್ತದಲ್ಲ ಮಾರಾಯ್ತಿ. ಚೂರಿ ಒಂದೇ.

— ಎರಡಕ್ಕೂ ಆಗುವ ಚೂರಿ ಇಲ್ಲ ಅಂತಲೇ ನನ್ನ ವಾದ.

— ಇಗೋ, ವಕೀಲರು ಶುರು ಮಾಡಿದರು. ಮೀಸೆ ಮೂಡುವ ಮೊದಲೇ ಸೊಂಟದ ಕೊಕ್ಕೆಗೆ ಕತ್ತಿ ಸಿಕ್ಕಿಸಿ ತೋಟ ತಿರುಗಿದವ ನಾನು. ಅದೇ ಸೊಂಟದಲ್ಲಿ ಬಸ್ಸು ಹತ್ತಿದ್ದುಂಟು, ಸೊಸೈಟಿಗೆ ಹೋದದ್ದುಂಟು. ಯಾವ ಪೊಲೀಸೂ ಕೇಳಲಿಲ್ಲ.

— ಯಾಕೆ ಕೇಳುತ್ತಾರೆ? ಸೊಂಟದಲ್ಲಿ ಕತ್ತಿ, ಹೆಗಲಲ್ಲಿ ಸೋಗೆ, ಕಾಲಲ್ಲಿ ಕೆಸರು. ನಿಮ್ಮನ್ನು ನೋಡಿದರೆ ಕೆಲಸ ಕಾಣುತ್ತದೆ. ಕಾನೂನೂ ಹಾಗೆಯೇ ನೋಡುವುದು. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ, ಮನೆ ಬಳಕೆಗೆ ಮತ್ತು ಕೃಷಿಗೆ ಅಂತಲೇ ಮಾಡಿದ ವಸ್ತು ಆಯುಧದ ವ್ಯಾಖ್ಯೆಯಿಂದ ಹೊರಗೆ. 2016ರ ನಿಯಮಗಳಲ್ಲಿ ಖಡ್ಗ, ಕಠಾರಿ, ಭರ್ಜಿ, ಕುಕ್ರಿಯ ಸಾಲಿನಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನವು ಬರುತ್ತವೆ. ಅಲ್ಲಿಯೂ ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಗೆ ಮಾಡಿದವನ್ನು ಬಿಟ್ಟಿದ್ದಾರೆ.

— ಹಾಗಾದರೆ ಮೂರು ಇಂಚಿನ ಕಿಸೆ ಚೂರಿಗೆ ಲೈಸೆನ್ಸು ಬೇಡ. ಮುಗಿಯಿತಲ್ಲ?

— ಲೈಸೆನ್ಸು ಬೇಡ ಎಂಬಲ್ಲಿಗೆ ಮುಗಿಯಿತು. ಉಳಿದದ್ದು ಮುಗಿಯಲಿಲ್ಲ. ದೆಹಲಿಯಲ್ಲಿ 1980ರಿಂದ ಒಂದು ಅಧಿಸೂಚನೆ ಉಂಟು. ಬಟನ್ ಒತ್ತಿದರೆ ಚಿಮ್ಮುವ ಚೂರಿಯ ಅಲಗು 7.62 ಸೆಂಟಿಮೀಟರ್ ಉದ್ದ, 1.72 ಸೆಂಟಿಮೀಟರ್ ಅಗಲ ಮುಟ್ಟಿತು ಅಂದರೆ ಅದು ಆ ಅಧಿಸೂಚನೆಯ ಕೆಳಗೆ ಬರುತ್ತದೆ. ಅದು ಅಲ್ಲಿಗೆ. ನಮ್ಮ ಕರಾವಳಿಗೆ ಬೇರೆಯೇ ಉಂಟು, ನಿಷೇಧಾಜ್ಞೆ. ಒಂದು ಕೊಲೆಯಾಗಿ ಊರು ಬಿಸಿಯಾದರೆ 144 ಹಾಕಿದರು ಅನ್ನುತ್ತೀರಲ್ಲ, ಅದು ಈಗ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ. ಅಂಥ ಆದೇಶದಲ್ಲಿ ಮಾರಕಾಸ್ತ್ರ ಹಿಡಿದು ತಿರುಗಬಾರದು ಎಂಬ ಸಾಲು ಸಾಮಾನ್ಯ. ಆ ವಾರ ನನ್ನ ಬ್ಯಾಗಿನಲ್ಲಿ ಕಪ್ಪು ಬಣ್ಣದ, ಗರಗಸದ ಹಲ್ಲಿನ, ಸಿನಿಮಾದಂಥ ಚೂರಿ ಸಿಕ್ಕಿದರೆ ಮಹಜರಿನಲ್ಲಿ ಎಂತ ಬರೆಯುತ್ತಾರೆ ಹೇಳಿ.

— ಆದೇಶದ ಸುದ್ದಿ ನನಗೆ ಹೇಳಬೇಡ. ಚುನಾವಣೆ ಬಂತು ಅಂದರೆ ನನ್ನ ಕೋವಿ ಠಾಣೆಯಲ್ಲಿ ಠೇವಣಿ. ಬೆಳೆ ರಕ್ಷಣೆಗೆ ಅಂತ ಅವರೇ ಕೊಟ್ಟ ಲೈಸೆನ್ಸು. ಹಂದಿಗೆ ನೀತಿಸಂಹಿತೆ ಯಾರು ಓದಿ ಹೇಳುವುದು? ಆ ಕೊಡಗಿನವರಿಗೆ ಮಾತ್ರ ಸುಖ.

— ಅವರ ಲೆಕ್ಕ ಬೇರೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿಯ ಲೈಸೆನ್ಸಿನಿಂದ ವಿನಾಯಿತಿ, 2029ರ ಅಕ್ಟೋಬರ್ 31ರವರೆಗೆ. ಸೊಂಟದ ಪೀಚೆಕತ್ತಿ ಅವರಿಗೆ ಮದುವೆಯ ಉಡುಪಿನ ಭಾಗ. ಬೆಳ್ಳಿ ಒರೆಯ ಕತ್ತಿ ಇಟ್ಟುಕೊಂಡು ಮಣಿಪಾಲದ ಟೈಗರ್ ಸರ್ಕಲ್ಲಿನಲ್ಲಿ ನಾನು ಚಾ ಕುಡಿಯಲಿಕ್ಕೆ ಆಗುತ್ತದಾ?

— ತಮಾಷೆ ಸಾಕು. ಮಣಿಪಾಲದ ಹೆಸರು ನೀನೇ ತೆಗೆದೆ. 2013ರ ಜೂನ್‌ನಲ್ಲಿ ಅಲ್ಲಿ ವಿದ್ಯಾರ್ಥಿನಿಯೊಬ್ಬಳನ್ನು ರಾತ್ರಿ ಅಪಹರಿಸಿ ಅತ್ಯಾಚಾರ ಮಾಡಿದ್ದನ್ನು ನಿನ್ನ ಅಮ್ಮ ಇನ್ನೂ ಮರೆತಿಲ್ಲ. 2023ರ ದೀಪಾವಳಿಗೆ ನೇಜಾರಿನಲ್ಲಿ ಹಾಡಹಗಲೇ, ಮನೆಯೊಳಗೆ ಒಬ್ಬ ತಾಯಿ, ಮೂವರು ಮಕ್ಕಳ ಕೊಲೆ. ಇದನ್ನೆಲ್ಲ ನೋಡಿದ ಮೇಲೆ ನನಗೆ ಕಾನೂನು ಆಮೇಲೆ, ಮೊದಲು ನಿನ್ನ ಜೀವ.

— ಅಂಥವರ ಸಂಕಟ ಎತ್ತಿಕೊಂಡು, ಅಲ್ಲೊಂದು ಚೂರಿ ಇದ್ದಿದ್ದರೆ ಅಂತ ನಾವು ಲೆಕ್ಕ ಹಾಕುವುದು ಬೇಡ ಮಾಮ. ಅದು ಸರಿಯಲ್ಲ. ನಿಮ್ಮ ಹೆದರಿಕೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಜೀವ ಮೊದಲು, ಒಪ್ಪಿದೆ. ಕಾನೂನೂ ಅದನ್ನೇ ಹೇಳುತ್ತದೆ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗೆ ಇರುವುದೇ ಆತ್ಮರಕ್ಷಣೆಯ ಹಕ್ಕು. ಅತ್ಯಾಚಾರ, ಅಪಹರಣದ ಉದ್ದೇಶದಿಂದ ಮೈಮೇಲೆ ಬಿದ್ದವನನ್ನು ಕೊಲ್ಲುವವರೆಗೂ ಆ ಹಕ್ಕು ಹೋಗುತ್ತದೆ. ದರ್ಶನ್ ಸಿಂಗ್ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಅಪಾಯ ಬರುತ್ತದೆಂಬ ಭಯಕ್ಕೆ ತಕ್ಕ ಕಾರಣ ಇದ್ದರೆ ಸಾಕು, ಏಟು ತಿಂದೇ ತೀರಬೇಕು ಅಂತಿಲ್ಲ, ಆ ಹೊತ್ತಿನಲ್ಲಿ ಕೈಯ ಬಲವನ್ನು ತಕ್ಕಡಿಯಲ್ಲಿ ತೂಗಿ ಹೊಡೆಯಿರಿ ಅಂತ ಕೇಳಲಿಕ್ಕಾಗದು.

— ಮತ್ತೆ? ಕೋರ್ಟೇ ನನ್ನ ಕಡೆಗೆ ಉಂಟು!

— ಪೂರ್ತಿ ಕೇಳಿ. ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಪೊಲೀಸರನ್ನು ಕರೆಯಲು ಸಮಯ ಇದ್ದರೆ ಹಕ್ಕೇ ಇಲ್ಲ. ಇದು ಆತ್ಮರಕ್ಷಣೆ ಅಂತ ತೋರಿಸಿಕೊಡುವ ಹೊರೆ ಚೂರಿ ಬೀಸಿದವಳ ಮೇಲೆ. ಇಲ್ಲದಿದ್ದರೆ ಅದು 118ನೇ ಕಲಂ, ಅಪಾಯಕಾರಿ ಆಯುಧದಿಂದ ಗಾಯ. ಅಡುಗೆಮನೆಯಲ್ಲಿ ಕೈಗೆ ಸಿಕ್ಕಿದ ಮೆಟ್ಟುಕತ್ತಿ ಎತ್ತಿದವಳಿಗೆ ವಿವರಣೆ ಸುಲಭ. ಮೂರು ತಿಂಗಳ ಮೊದಲೇ ಯಾರನ್ನೋ ಇರಿಯಲಿಕ್ಕೆ ಬೇಕಾಗಬಹುದು ಅಂತ ಚೂರಿ ಆರಿಸಿ, ದಿನಾ ಬ್ಯಾಗಿನಲ್ಲಿ ಹೊತ್ತವಳಿಗೆ ಎದುರಿನ ವಕೀಲ ಬಿಡುತ್ತಾನಾ? ಬ್ರಿಟನ್ನಿನಲ್ಲಂತೂ ಇದು ಇನ್ನೂ ಬಿಗಿ. ಮೂರು ಇಂಚಿನೊಳಗಿನ, ಲಾಕ್ ಇಲ್ಲದ ಮಡಚು ಚೂರಿ ಮಾತ್ರ ಸುಮ್ಮನೆ ಕಿಸೆಯಲ್ಲಿ ಇಡಬಹುದು. ಅದಕ್ಕಿಂತ ದೊಡ್ಡದಕ್ಕೆ ಕಾರಣ ಕೊಡಬೇಕು, ಆತ್ಮರಕ್ಷಣೆ ಅನ್ನುವುದನ್ನು ಅಲ್ಲಿ ಕಾರಣ ಅಂತ ಒಪ್ಪುವುದಿಲ್ಲ.

— ನಮ್ಮ ತುಳುನಾಡಿನ ವೀರ ಅವಳಿಗಳು ಕೋಟಿ ಚೆನ್ನಯರು ಸುರಿಯ ಹಿಡಿಯುವಾಗ ಯಾರ ಅಪ್ಪಣೆ ಕೇಳಿದರು? ಕಾರ್ಕಳದಲ್ಲಿ ಅವರ ಹೆಸರಿನಲ್ಲಿ ಥೀಮ್ ಪಾರ್ಕೇ ಉಂಟು. ಊರೂರಿನ ಗರೋಡಿಯಲ್ಲಿ ಇವತ್ತಿಗೂ ಆ ಸುರಿಯಕ್ಕೆ ಪೂಜೆ.

— ಪಾಡ್ದನವನ್ನು ಅರ್ಧಕ್ಕೆ ನಿಲ್ಲಿಸಬೇಡಿ. ಗದ್ದೆಯ ನೀರಿನ ಜಗಳದಲ್ಲಿ ಎದುರಾಳಿ ಬುದ್ಯಂತ ಅವರ ಕೈಯಲ್ಲಿ ಸತ್ತ ಮೇಲೆ ಇಬ್ಬರಿಗೂ ಪಡುಮಲೆ ಉಳಿಯಿತಾ? ಹುಟ್ಟಿದ ಊರು ಬಿಟ್ಟು ಹೋದರು. ಎಣ್ಮೂರಿನಲ್ಲಿ ಜೀವವೇ ಹೋಯಿತು. ಅನ್ಯಾಯ ಬುದ್ಯಂತನದ್ದೇ, ಒಪ್ಪುವ. ಆದರೂ ಊರು ಬಿಟ್ಟದ್ದು ಇವರು.

— ಹ್ಞೂಂ. ಅದು ಹೌದು. ಗರೋಡಿಯ ಎದುರು ಈ ಮಾತು ಹೇಳಬೇಡ ಮತ್ತೆ.

— ಈಗ ಕಾನೂನು, ಕಥೆ ಎರಡೂ ಬಿಡುವ. ನಿಮ್ಮ ಹತ್ತಿರ ಅತ್ತೂರು ಜಾತ್ರೆಯಲ್ಲಿ ತೆಗೆದ ಮಡಚು ಚೂರಿ ಉಂಟಲ್ಲ, ಯಾವಾಗಲೂ ಕಿಸೆಯಲ್ಲೇ ಇರುವುದು?

— ಈಗಲೂ ಉಂಟು.

— ಅಗೋ ಆ ತೆಂಗಿನಮರದ ಬುಡದಿಂದ ನಾನು ಓಡಿ ಬರುತ್ತೇನೆ. ಇಪ್ಪತ್ತು ಅಡಿ ಇರಬಹುದು. ಮುಟ್ಟುವ ಮೊದಲು ಚೂರಿ ತೆಗೆದು ಬಿಡಿಸಿ.

— ಹೇ, ನಿಲ್ಲು! ಪಂಚೆ ಎತ್ತಿ ಒಳಗಿನ ಚಡ್ಡಿ ಕಿಸೆಗೆ ಕೈ ಹಾಕಬೇಕು... ಉಗುರು ಸಿಕ್ಕಿಸುವ ಗೀರು ಎಲ್ಲಿ ಹೋಯಿತು... ತುಕ್ಕು ಹಿಡಿದು ಬರುವುದೇ ಇಲ್ಲ ಇದು.

— ನಾನು ಮುಟ್ಟಿ ಆಯಿತು. ನಿಮಗೆ ನಾನು ಬರುವುದು ಮೊದಲೇ ಗೊತ್ತಿತ್ತು, ಹಗಲು ಬೆಳಕು ಇತ್ತು, ಕೈ ನಡುಗುತ್ತಿರಲಿಲ್ಲ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನಿಸ್ ಟುಲ್ಲರ್ 1983ರಲ್ಲಿ ಬರೆದ ಲೆಕ್ಕ ಇದು: 21 ಅಡಿ ದೂರದಲ್ಲಿರುವ ಮನುಷ್ಯ ನಮ್ಮನ್ನು ಮುಟ್ಟಲಿಕ್ಕೆ ಸುಮಾರು ಒಂದೂವರೆ ಸೆಕೆಂಡು ಸಾಕು. ಅವರು ಹೇಳಿದ್ದು ಸೊಂಟದ ಪಟ್ಟಿಯಲ್ಲಿ ಪಿಸ್ತೂಲು ಇಟ್ಟುಕೊಂಡ ಪೊಲೀಸನಿಗೆ. ನನ್ನ ಚೂರಿ ಇರುವುದು ಬ್ಯಾಗಿನಲ್ಲಿ, ಟಿಫಿನ್ ಡಬ್ಬಿಯ ಅಡಿಯಲ್ಲಿ, ಎರಡು ಜಿಪ್ಪಿನ ಒಳಗೆ.

— ಕೈಯಲ್ಲೇ ಹಿಡಿದುಕೊಂಡರೆ?

— ಬಿಡಿಸಿದ ಚೂರಿ ಕೈಯಲ್ಲಿ ಹಿಡಿದು ಮಣಿಪಾಲದ ರಸ್ತೆಯಲ್ಲಿ ನಡೆಯುವುದಾ? ನನ್ನನ್ನು ನೋಡಿ ಬೇರೆಯವರು 112ಕ್ಕೆ ಫೋನ್ ಮಾಡುತ್ತಾರೆ. ಇನ್ನೊಂದು ಉಂಟು. ಮಡಚು ಚೂರಿಯ ಹಿಡಿ ಮತ್ತು ಅಲಗಿನ ನಡುವೆ ಕೈಗೆ ತಡೆ ಇರುವುದಿಲ್ಲ. ಗಟ್ಟಿ ಜಾಗಕ್ಕೆ ತಾಗಿದರೆ, ಕೈ ಬೆವರಿದ್ದರೆ, ಬೆರಳು ಜಾರಿ ಅಲಗಿನ ಮೇಲೆ ಹೋಗುತ್ತದೆ. ಲಾಕ್ ಇಲ್ಲದ್ದಾದರೆ ಅಲಗೇ ಮಡಚಿಕೊಂಡು ಬೆರಳಿನ ಮೇಲೆ ಬೀಳುತ್ತದೆ.

— ಅದು ನಿಜ. ನಮ್ಮ ಕೆಲಸದವನೊಬ್ಬ ಹೀಗೇ ಮಾಡಿಕೊಂಡ, ಹಗ್ಗ ಕೊಯ್ಯುವಾಗ. ಗಾಯ ಸಣ್ಣದು, ಆದರೆ ಬೆರಳು ಮಡಚುವ ನರ ತುಂಡಾಗಿತ್ತು.

— ನರ ಅಲ್ಲ, ಸ್ನಾಯುವಿನ ಹುರಿ. ಅದನ್ನು ಹೊಲಿದ ಮೇಲೆ ಸುಮಾರು ಮೂರು ತಿಂಗಳು ಪಟ್ಟಿ, ವ್ಯಾಯಾಮ ಅಂತ ಹೋಗುತ್ತದೆ. ಎದುರಿನವ ಕೈ ತಿರುಚಿ ಚೂರಿ ಕಿತ್ತುಕೊಂಡರೆ ಎಂತ ಅಂತ ನಾನು ಇನ್ನೂ ಹೇಳಲೇ ಇಲ್ಲ. ಮತ್ತೆ ಕತ್ತಲಲ್ಲಿ ಬರುವ ಅಪರಿಚಿತನದ್ದೇ ಚಿಂತೆ ನಿಮಗೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪಟ್ಟಿಯಲ್ಲಿ ವರ್ಷ ವರ್ಷವೂ ಅತ್ಯಾಚಾರದ ಆರೋಪಿಗಳು ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪರಿಚಿತರೇ. ಚಾ ಕುಡಿಯಲಿಕ್ಕೆ ಕರೆದ ಪರಿಚಿತನ ಎದುರು ಯಾರು ಬ್ಯಾಗಿನ ಜಿಪ್ಪು ತೆಗೆದು ಕೂರುತ್ತಾರೆ?

— ನಿನ್ನ ಲೆಕ್ಕದಲ್ಲಿ ಹೆಣ್ಣುಮಕ್ಕಳು ಎಂತ ಮಾಡಬೇಕು ಹಾಗಾದರೆ? ಕೈ ಕಟ್ಟಿ ನಿಲ್ಲಬೇಕಾ?

— ಓಡಬೇಕು, ಕೂಗಬೇಕು. ಕೈಯಲ್ಲಿ ಒಳ್ಳೆಯ ಟಾರ್ಚ್ ಬೇಕು. ನಮ್ಮ ರಸ್ತೆಯಲ್ಲಿ ರಾತ್ರಿ ನಿಜಕ್ಕೂ ಅಡ್ಡ ಬರುವುದು ನಾಯಿಗಳು, ಅವಕ್ಕೂ ಅದು ಆಗುತ್ತದೆ. ಪೆಪ್ಪರ್ ಸ್ಪ್ರೇಗೆ ಲೈಸೆನ್ಸು ಬೇಡ, ಒಂದೆರಡು ಮಾರು ದೂರದಿಂದ ಹೊಡೆಯಬಹುದು, ತಪ್ಪಿ ಬಿದ್ದರೂ ಜೀವ ಹೋಗುವುದಿಲ್ಲ. 112 ಒತ್ತಲಿಕ್ಕೆ ಒಂದು ಬೆರಳು ಸಾಕು. ಇಷ್ಟೆಲ್ಲ ಮಾಡಿದರೂ ಹೆದರಿಕೆ ಪೂರ್ತಿ ಹೋಗುವುದಿಲ್ಲ ಮಾಮ, ನನಗೂ ಹೋಗುವುದಿಲ್ಲ. ಆದರೆ ಚೂರಿ ಇದ್ದವಳಿಗೆ ಓಡುವ ಬುದ್ಧಿ ಒಂದು ಕ್ಷಣ ತಡವಾಗಿ ಬರುತ್ತದೆ. ನನಗೆ ಆ ಕ್ಷಣ ಬೇಕು.

— ಸರಿ ಮಾರಾಯ್ತಿ, ಸೋತೆ. ಅರ್ಧ ಸೋತೆ. ಚೂರಿ ತೆಗೆದುಕೊಡುವುದಂತೂ ಬಿಡುವುದಿಲ್ಲ.

— ಬಿಡಬೇಡಿ! ಕೆಲಸಕ್ಕೆ ಅಂತ ಆದರೆ ನನಗೆ ನಿಜವಾಗಿ ಬೇಕು. ಪಾರ್ಸೆಲ್ ಪೆಟ್ಟಿಗೆ ಬಿಡಿಸಲಿಕ್ಕೆ ಹಲ್ಲು ಹಾಕುತ್ತಿದ್ದೇನೆ. ಮಾವಿನಕಾಯಿ, ಹಗ್ಗ, ಹಾಲಿನ ತೊಟ್ಟೆ, ಅಪ್ಪನ ಬಲೆಯಲ್ಲಿ ಸಿಕ್ಕಿಕೊಂಡ ನೂಲು. ರೂಮಿನಲ್ಲಿ ಇರುವ ಒಂದೇ ಚೂರಿಯಲ್ಲಿ ಟೊಮೆಟೊ ಕೂಡ ಜಜ್ಜಿ ಹೋಗುತ್ತದೆ.

— ಹಾಗಾದರೆ ಉಕ್ಕಿನ ಮಾತು ನನ್ನದು. ಲಾರಿಯ ಪ್ಲೇಟು ಕಾಯಿಸಿ ಆಚಾರಿ ಬಡಿದುಕೊಟ್ಟ ಕತ್ತಿಗೆ ಸಮ ಯಾವುದೂ ಇಲ್ಲ. ಅದೇ ಉಕ್ಕಿನ ಒಂದು ಪೀಶಕತ್ತಿ ಮಾಡಿಸಿ ಮಡಚುವ ಹಿಡಿ ಹಾಕಿಸುವ. ಈ ಸ್ಟೀಲಿನದ್ದೆಲ್ಲ ಎರಡು ದಿನಕ್ಕೆ ಮೊಂಡು.

— ಬೈಲೂರಿಗೆ ಅದು ಸರಿ, ಕಾಪುವಿಗೆ ಅಲ್ಲ. ನಮ್ಮ ಮನೆಯ ಕಿಟಕಿ ಸರಳು ನೋಡಿದ್ದೀರಲ್ಲ? ವರ್ಷವರ್ಷ ಬಣ್ಣ ಬಳಿದರೂ ಕಡಲ ಗಾಳಿ ತಿನ್ನುತ್ತದೆ. ನಿಮ್ಮ ಕತ್ತಿ ದಿನಾ ಕೆಲಸ ಮಾಡುತ್ತದೆ, ದಿನಾ ಮಸೆಯುತ್ತೀರಿ, ತುಕ್ಕಿಗೆ ಕೂರಲು ಪುರುಸೊತ್ತಿಲ್ಲ. ಕಿಸೆಯ ಚೂರಿ ಹಾಗಲ್ಲ. ಬೆವರು, ಉಪ್ಪು, ಹುಳಿ ಹಣ್ಣಿನ ರಸ ಎಲ್ಲ ಹಿಂಜಿನ ಒಳಗೆ ಹೋಗಿ ಕೂರುತ್ತದೆ. ಅಲ್ಲಿಗೆ ನಿಮ್ಮ ಬಟ್ಟೆ ಮುಟ್ಟುವುದಿಲ್ಲ. ಅತ್ತೂರಿನ ಚೂರಿ ಈಗ ಬಿಚ್ಚಿಕೊಳ್ಳದೆ ಇದ್ದದ್ದು ಅದಕ್ಕೇ.

— ಆದರೂ ಸ್ಟೀಲು ಅಂದರೆ ಬೆಣ್ಣೆ.

— ಮೊದಲಿನ ಅಗ್ಗದ ಸ್ಟೀಲು ಹಾಗಿತ್ತು. ಉಕ್ಕಿಗೆ ಗಡಸು ಕೊಡುವುದು ಇಂಗಾಲ, ತುಕ್ಕು ತಡೆಯುವುದು ಕ್ರೋಮಿಯಂ. ಕ್ರೋಮಿಯಂ ನೂರಕ್ಕೆ ಹನ್ನೆರಡು ಹದಿಮೂರು ಇದ್ದು, ಇಂಗಾಲ ಅರ್ಧಕ್ಕಿಂತ ಸ್ವಲ್ಪ ಮೇಲೆ ಇದ್ದರೆ ಎರಡೂ ಸಿಗುತ್ತದೆ. ಫ್ರಾನ್ಸಿನ ಚೂರಿ ಕಂಪನಿ ಒಪಿನೆಲ್‌ನವರು ಬಳಸುವ 12ಸಿ27 ಅನ್ನುವ ಸ್ವೀಡನ್ ಉಕ್ಕು ಇದೇ ಜಾತಿ. ಡಿ2 ಅಂತ ಒಂದು ಉಂಟು, ಈಗ ಎಲ್ಲ ಅದನ್ನೇ ಹೊಗಳುವುದು. ಅದರಲ್ಲೂ ಕ್ರೋಮಿಯಂ 12ರ ಹತ್ತಿರವೇ, ಆದರೆ ಇಂಗಾಲ ಒಂದೂವರೆ. ಆ ಇಂಗಾಲ ಕ್ರೋಮಿಯಂ ಅನ್ನು ತನ್ನೊಡನೆ ಕಟ್ಟಿಹಾಕುತ್ತದೆ, ತುಕ್ಕು ತಡೆಯಲಿಕ್ಕೆ ಉಳಿಯುವುದು ಕಡಿಮೆ. ಹರಿತ ಬಹಳ ದಿನ ನಿಲ್ಲುತ್ತದೆ, ಉಪ್ಪು ಗಾಳಿಗೆ ಚುಕ್ಕೆ ಬೀಳುತ್ತದೆ. ಮಸೆಯುವುದಂತೂ ನನ್ನಿಂದ ಆಗದ ಕೆಲಸ.

— ಮಸೆಯುವುದು ಕಲಿಸುತ್ತೇನೆ. ಕಳ್ಳು ಇಳಿಸುವ ಮೂರ್ತೆದಾರರ ಕತ್ತಿ ನೋಡಿದ್ದೀಯಾ? ಮರದ ಹಲಗೆಯ ಮೇಲೆ ಬೆಣಚುಕಲ್ಲಿನ ಪುಡಿ ಉದುರಿಸಿ ಉಜ್ಜುತ್ತಾರೆ. ಕೂದಲು ಹಿಡಿದರೆ ಎರಡಾಗಬೇಕು. ಹೊಂಬಾಳೆಯ ತುದಿಯನ್ನು ದಿನಾ ಕಾಗದದಷ್ಟು ತೆಳ್ಳಗೆ ಕೆತ್ತಬೇಕಲ್ಲ, ಮೊಂಡಾದರೆ ಕಳ್ಳೇ ಬರುವುದಿಲ್ಲ.

— ನನಗೆ ಅಷ್ಟು ಬೇಡ. ಸ್ವಿಸ್ ಚೂರಿಯವರು, ವಿಕ್ಟೋರಿನಾಕ್ಸ್, ಉಕ್ಕನ್ನು ಬೇಕೆಂದೇ ತುಸು ಮೆದು ಇಟ್ಟಿದ್ದಾರೆ, ರಾಕ್‌ವೆಲ್ ಅಳತೆಯಲ್ಲಿ 56. ಬೇಗ ಮೊಂಡಾಗುತ್ತದೆ, ಅಷ್ಟೇ ಬೇಗ ಹರಿತವೂ ಆಗುತ್ತದೆ. ಪಿಂಗಾಣಿ ಕಪ್ಪು ಮಗುಚಿ ತಳದ ಒರಟು ಬಳೆಯ ಮೇಲೆ ಹತ್ತು ಸಲ ಎಳೆದರೆ ಸಾಕು. 1891ರಲ್ಲಿ ಕಾರ್ಲ್ ಎಲ್ಸೆನರ್ ಸೈನಿಕರಿಗೆ ಅಂತ ಮಾಡಲು ಶುರು ಮಾಡಿದ್ದು. ಸೈನಿಕರಿಗೆ ಅಂದರೂ ಯುದ್ಧಕ್ಕಲ್ಲ. ಡಬ್ಬಿ ತೆರೆಯಲಿಕ್ಕೆ, ಬಂದೂಕಿನ ಸ್ಕ್ರೂ ಬಿಚ್ಚಲಿಕ್ಕೆ.

— ಸೈನ್ಯವೇ ಚೂರಿಯನ್ನು ಡಬ್ಬಿಗೆ ಇಟ್ಟಿತು ಅಂತ ಆಯಿತು! ಆ ಒಪಿನೆಲ್ಲು ಹೇಗೆ? ಮರದ ಹಿಡಿ, ಚಿತ್ರದಲ್ಲಿ ನೋಡಿದೆ, ಚಂದ ಉಂಟು.

— ಚಂದ ಉಂಟು, ಹಗುರ, ಹಣ್ಣಿಗೆ ಅದರಷ್ಟು ತೆಳು ಅಲಗು ಬೇರೆ ಇಲ್ಲ. ಎಂಟನೇ ನಂಬರಿನದ್ದರ ಅಲಗು 8.5 ಸೆಂಟಿಮೀಟರ್. 1955ರಿಂದ ಕುತ್ತಿಗೆಗೆ ಒಂದು ತಿರುಗುವ ಉಂಗುರ ಹಾಕಿದ್ದಾರೆ, ತಿರುಗಿಸಿದರೆ ಅಲಗು ಮಡಚುವುದಿಲ್ಲ. ಆದರೆ ಬೀಚ್ ಮರದ ಹಿಡಿ ನೀರು ಕುಡಿದರೆ ಉಬ್ಬುತ್ತದೆ. ಅದು ಹುಟ್ಟಿದ್ದು ಫ್ರಾನ್ಸಿನ ಸವೊಯ್ ಬೆಟ್ಟದಲ್ಲಿ, ನಮ್ಮ ಆಟಿ ತಿಂಗಳನ್ನು ಅದು ಕಂಡಿಲ್ಲ. ವರ್ಷಕ್ಕೆ 4000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ ಜೂನ್‌ನಿಂದ ಅದನ್ನು ಬಿಡಿಸಲಿಕ್ಕೆ ಇಬ್ಬರು ಬೇಕಾದೀತು.

— ಹಾಗಾದರೆ ಪ್ಲಾಸ್ಟಿಕ್ ಹಿಡಿ.

— ಗಾಜಿನ ನಾರು ಸೇರಿಸಿದ ಗಟ್ಟಿ ಪ್ಲಾಸ್ಟಿಕ್ ಇರುತ್ತದೆ, ಅದು. ಮೇಲ್ಮೈ ಒರಟು ಇರಬೇಕು, ಮೀನು ಮುಟ್ಟಿದ ಕೈಯಲ್ಲೂ ಜಾರಬಾರದು. ಬಣ್ಣ ಕೆಂಪು, ಕಿತ್ತಳೆ, ಯಾವುದಾದರೂ. ಕಪ್ಪು ಬೇಡ.

— ಕೆಂಪು ಹಿಡಿಯದ್ದು ಮಕ್ಕಳ ಆಟಿಕೆಯ ಹಾಗೆ ಕಾಣುತ್ತದೆ.

— ಕಾಣಲಿ. ದೋಣಿಯಲ್ಲಿ, ಹುಲ್ಲಿನಲ್ಲಿ ಬಿದ್ದರೆ ಸಿಗುತ್ತದೆ. ನಾನು ಬಸ್ಸಿನಲ್ಲಿ ತೆಗೆದು ಮೂಸಂಬಿ ಸುಲಿದರೆ ಪಕ್ಕದ ಹೆಂಗಸು ಸೀಟು ಬದಲಿಸುವುದಿಲ್ಲ.

— ಲಾಕ್ ಬೇಕಾ, ಬೇಡವಾ? ನನ್ನ ಬೆರಳಿನ ಲೆಕ್ಕದಲ್ಲಿ ಬೇಕು.

— ಬೇಕು, ಇರಿಯಲಿಕ್ಕಲ್ಲ, ಬೆರಳು ಉಳಿಯಲಿಕ್ಕೆ. ಆದರೆ ಲಾಕಿನಲ್ಲೂ ಆಯ್ಕೆ ಉಂಟು. ಹಿಡಿಯ ಒಳಗೆ ತೆಳು ತಗಡು ಬಾಗಿ ಅಲಗಿನ ಬುಡಕ್ಕೆ ಒತ್ತಿ ನಿಲ್ಲುವುದು ಒಂದು ಬಗೆ. ಅಗ್ಗದ್ದರಲ್ಲಿ ಅದು ಸವೆದು ಜಾರುತ್ತದೆ, ಮಡಚುವಾಗ ಹೆಬ್ಬೆರಳು ಅಲಗಿನ ದಾರಿಯಲ್ಲೇ ಇರುತ್ತದೆ. ಬೆನ್ನಿನ ಮೇಲೆ ಒತ್ತುವ ಲಾಕ್ ನನಗೆ ಹೆಚ್ಚು ಸಮಾಧಾನ. ಕಾಪು ಬೀಚಿನ ಮರಳು ಹೊಕ್ಕರೆ ಎರಡೂ ಕಚ್ಚಿಕೊಳ್ಳುತ್ತವೆ, ಸಿಹಿನೀರಿನಲ್ಲಿ ತೊಳೆದು ಒಂದು ಹನಿ ಎಣ್ಣೆ ಬಿಡಬೇಕು. ತೆಂಗಿನೆಣ್ಣೆ ಅಲ್ಲ, ಅದು ಅಂಟಾಗುತ್ತದೆ. ಹೊಲಿಗೆ ಮಿಷನ್ನಿನ ಎಣ್ಣೆ.

— ಅಂಗಡಿಯಲ್ಲಿ ನೋಡುವುದು ಹೇಗೆ?

— ಪೂರ್ತಿ ಬಿಡಿಸಿ ಅಲಗನ್ನು ಎಡಬಲ ಅಲ್ಲಾಡಿಸಿ ನೋಡಿ, ಗಡಗಡ ಅನ್ನಬಾರದು. ಬೆರಳುಗಳನ್ನು ದಾರಿಯಿಂದ ದೂರ ಇಟ್ಟು ಅಲಗಿನ ಬೆನ್ನನ್ನು ಮೇಜಿನ ಅಂಚಿಗೆ ಮೆಲ್ಲಗೆ ಒತ್ತಿ. ಲಾಕ್ ಬಿಟ್ಟುಕೊಟ್ಟರೆ ಅಲ್ಲೇ ಇಟ್ಟು ಬನ್ನಿ. ಮಡಚಿದಾಗ ತುದಿ ಹಿಡಿಯೊಳಗೆ ಪೂರ್ತಿ ಅಡಗಬೇಕು. ಅಲಗು ಏಳು ಸೆಂಟಿಮೀಟರ್ ಸಾಕು, ನನ್ನ ಅಂಗೈ ಅಗಲ. ಅದಕ್ಕಿಂತ ಉದ್ದ ಇದ್ದರೆ ಹಲಸು ಕೊಯ್ಯಲಿಕ್ಕೂ ಸಾಲುವುದಿಲ್ಲ, ಕಿಸೆಗೂ ಹೆಚ್ಚು. ಬಟನ್ನಿನಿಂದ ಚಿಮ್ಮುವುದು ಬೇಡವೇ ಬೇಡ.

— ಆ ರಾಂಪುರಿ ಅಂತ ಹಿಂದಿ ಸಿನಿಮಾದಲ್ಲಿ ಟಕ್ ಅಂತ ತೆಗೆಯುತ್ತಿದ್ದರು. ಅದಾದ ಮೇಲೆ ನಮ್ಮವರು 'ಓಂ' ತೆಗೆದರು, ಎಲ್ಲರ ಕೈಗೂ ಲಾಂಗು ಬಂತು.

— ರಾಂಪುರದಲ್ಲಿ 2023ರಲ್ಲಿ ಆ ಚೂರಿಗೆ ಇಪ್ಪತ್ತು ಅಡಿಯ ಸ್ಮಾರಕವನ್ನೇ ನಿಲ್ಲಿಸಿದ್ದಾರೆ. ಚೌಕದಲ್ಲಿ ನಿಲ್ಲಿಸಲಿಕ್ಕೆ ಚಂದ. ಕೋರ್ಟಿಗೆ ಹೋಗುವ ದಿನ ನನ್ನ ಏಳು ಸೆಂಟಿಮೀಟರಿನ ಕೆಂಪು ಚೂರಿ ಕೂಡ ರೂಮಲ್ಲೇ ಇರುತ್ತದೆ. ಬಜಪೆಯಲ್ಲಿ ವಿಮಾನ ಹತ್ತುವುದಾದರೆ ಕೈಚೀಲದಲ್ಲಿ ಇಡಲಿಕ್ಕಿಲ್ಲ, ಕೆಳಗೆ ಹಾಕುವ ಲಗೇಜಿನಲ್ಲಿ ಮಾತ್ರ. ಊರಲ್ಲಿ ನಿಷೇಧಾಜ್ಞೆ ಅಂತ ಪೇಪರಿನಲ್ಲಿ ಬಂದರೂ ಹಾಗೆಯೇ, ಮೇಜಿನ ಡ್ರಾಯರಿಗೆ.

— ಇಷ್ಟೆಲ್ಲ ಕಟ್ಟುಪಾಡು ಇರುವ ಸಾಮಾನಿಗೆ ನಾನು ದುಡ್ಡು ಕೊಡುವುದು! ಆಯಿತು. ಒಂದು ಮಾತು ಹೇಳಿಬಿಡುತ್ತೇನೆ, ಆಮೇಲೆ ನೀನು ಎಷ್ಟು ಬೇಕಾದರೂ ವಾದ ಮಾಡು. ಯಾರಾದರೂ ನಿನ್ನ ಮೈಮೇಲೆ ಬಿದ್ದಾಗ ಕೈಗೆ ಅದೇ ಚೂರಿ ಸಿಕ್ಕಿದರೆ, ಕಲಂ ಎಣಿಸುತ್ತಾ ನಿಲ್ಲಬೇಡ.

— ನಿಲ್ಲುವುದಿಲ್ಲ ಮಾಮ. ಅಷ್ಟಕ್ಕೆ ಕಾನೂನೂ ಬೇಡ ಅನ್ನುವುದಿಲ್ಲ.

— ಹಾಗಾದರೆ ನಾಳೆ ಉಡುಪಿಗೆ ಬರುತ್ತೇನೆ. ಯಾವ ಅಂಗಡಿ? ಆ ಬೂಟು, ಹಗ್ಗ, ಟೆಂಟು ಎಲ್ಲ ಮಾರುವಲ್ಲಿಗಾ?

— ಪಾತ್ರೆ ಅಂಗಡಿಗೆ ಹೋಗುವ. ಬಿಲ್ಲು ಮರೆಯದೆ ತೆಗೆದುಕೊಳ್ಳಿ. ಅಲ್ಲೇ ಪಕ್ಕದಲ್ಲಿ ಟಾರ್ಚ್ ಸಿಗುತ್ತದೆ, ಅದಕ್ಕೂ ನೀವೇ ದುಡ್ಡು ಕೊಡಬೇಕು.

— ಕೊಡುವ. ನಿನ್ನ ಅಮ್ಮ ಕೇಳಿದರೆ ಎಂತ ಹೇಳಲಿ? ಚೂರಿ ತೆಗೆದುಕೊಟ್ಟೆಯಾ ಅಂತ ಇವತ್ತೇ ಫೋನ್ ಬರುತ್ತದೆ.

— ತೆಗೆದುಕೊಡುತ್ತೇನೆ ಅಂತ ಹೇಳಿ. ಎಂತದಕ್ಕೆ ಅಂತ ಕೇಳಿದರೆ ಫೋನ್ ನನಗೆ ಕೊಡಿ.